ಗಡಿಯಾರದ ಧೂಳು

"ನಾಕಂದ್ರ ನಾಕು! ಆ ಮುಳ್ಳು ನಾಕಕ್ಕ ಬಂತಂದ್ರ ಎತ್ತೂದ," ಬಾಗಿಲಲ್ಲಿ ಚಟ್ಟದ ಹಗ್ಗ ಬಿಗಿಯುತ್ತ ಮುದಕಪ್ಪ ಗದರಿದ. ಸತ್ತವಳು ಅವನ ಅಕ್ಕ ಬಾಯವ್ವ. ಬೈಲಹೊಂಗಲದಿಂದ ದಿನಾ ಬಸ್ಸು ಹಿಡಿದು ಇಪ್ಪತ್ತು ವರ್ಷ ಫ್ಯಾಮಿಲಿ ಕೋರ್ಟಿನಲ್ಲಿ ಆಯಾ ಕೆಲಸ ಮಾಡಿದವಳು.

ಯಶೋಧಾ ಹೆಣದ ಕಾಲ ಬಳಿ ಕೂತು ಮೊಬೈಲಿನಲ್ಲಿ ಪಿಸುಗುಟ್ಟಿದಳು. "ಅಪ್ಪಾ, ಎಲ್ಲಿ ಅದೀ?"

"ಬಸ್ಸು ಈಗ ಊರ ಹೊಕ್ಕೈತವ್ವಾ. ರಾಮದುರ್ಗದಿಂದ ನಿಂತಕೊಂಡ ಬಂದೇನಿ. ನಾ ಬರೂತನಕ ಎತ್ತಬ್ಯಾಡ್ರಿ ಅಂತ ಹೇಳ."

"ಕಾಕಾ, ನಮ್ಮಪ್ಪ ಬರಾಕ ಹತ್ಯಾನ್ರಿ. ಆಯಿ ಮಾರಿ ಒಂದ್ಸಲ ನೋಡ್ಲಿ."

"ಒಬ್ಬೊಬ್ಬರಿಗೆ ಕಾಯಕೋತ ಕುಂತ್ರ ಹೊತ್ತ ಮುಳುಗತೈತಿ. ನಿಮ್ಮಪ್ಪ ನಮಗೇನಾಗಬೇಕ?"

ಏನಾಗಬೇಕು? ರಕ್ತಸಂಬಂಧವಲ್ಲ, ಬೀಗತನವಲ್ಲ. ಯಶೋಧಾ ಗೋಡೆಯ ಗಡಿಯಾರ ನೋಡಿದಳು. ಬಾಯವ್ವ ನಿವೃತ್ತಳಾದಾಗ ಕೋರ್ಟಿನವರು ಕೊಟ್ಟದ್ದು. ನಾಲ್ಕಕ್ಕೆ ಐದೇ ನಿಮಿಷವಿತ್ತು.

*

ಆಗ ಅವಳಿಗೆ ಆರು ವರ್ಷ. ಅಪ್ಪ-ಅವ್ವ ಬೇರೆಯಾಗಿದ್ದರು. ಮಗಳು ಅವ್ವನ ಹತ್ತಿರ ಇರಬೇಕು, ತಿಂಗಳಿಗೊಮ್ಮೆ ಮೂರರಿಂದ ನಾಲ್ಕರವರೆಗೆ ಕೋರ್ಟಿನ ಮಕ್ಕಳ ಖೋಲಿಯಲ್ಲಿ ಅಪ್ಪ ನೋಡಬಹುದು ಎಂದು ಸಾಹೇಬರ ಹುಕುಂ. ಹುಕುಂ ಸರಿಯೇ, ಆರು ವರ್ಷದ ಕೂಸಿಗೆ ತಿಳಿಯಬೇಕಲ್ಲ! ಅಪ್ಪ ಗಂಗಪ್ಪ ಕರದಂಟು ಹಿಡಿದು ಬಂದರೆ ಅರ್ಧ ತಾಸು ಮುನಿಸಿನಲ್ಲೇ ಹೋಗುತ್ತಿತ್ತು. ನಗು ಮೂಡುವ ಹೊತ್ತಿಗೆ ಆ ಸುಡುಗಾಡು ನಾಲ್ಕು ಬಂದುಬಿಡುತ್ತಿತ್ತು.

ಒಂದು ದಿನ ಬಾಯವ್ವ ಸ್ಟೂಲು ಹತ್ತಿ ಖೋಲಿಯ ಗಡಿಯಾರ ಇಳಿಸಿದಳು, ಸೆರಗಿನಿಂದ ಒರೆಸಿ ಮತ್ತೆ ತಗುಲಿಸಿದಳು. ಮುಳ್ಳು ಹತ್ತು ನಿಮಿಷ ಹಿಂದೆ ಸರಿದಿತ್ತು.

"ಇದೇನ್ರಿ?" ಬಾಗಿಲಲ್ಲಿ ಕಾದಿದ್ದ ಅವ್ವ ಕೇಳಿದಳು.

"ಧೂಳ ಕುಂತಿತ್ತವ್ವಾ, ಒರಸೇನಿ."

ಆ ಧೂಳು ಎಂಟು ವರ್ಷ, ತಿಂಗಳು ತಪ್ಪದೆ ಕೂತಿತು. ಅವ್ವ ಎರಡನೆಯ ಸಲ ಕೇಳಲಿಲ್ಲ.

*

ಯಶೋಧಾ ಎದ್ದು ಸ್ಟೂಲು ಎಳೆದಳು. ಗಡಿಯಾರ ಇಳಿಸಿ, ಓಡಣಿಯಿಂದ ಒರೆಸಿ, ಹಿಂದಿನ ತಿರುಪು ತಿರುವಿ ಮತ್ತೆ ತಗುಲಿಸಿದಳು.

"ಅಲ್ಲೇನ ಮಾಡಾಕ ಹತ್ತೀ ಯವ್ವಾ?"

"ಧೂಳ ಕುಂತಿತ್ರಿ ಕಾಕಾ."

ಮುದಕಪ್ಪನ ಕೈಯ ಹಗ್ಗ ಅಲ್ಲೇ ನಿಂತಿತು. ಈ ಕತೆಯನ್ನು ಅಕ್ಕ ಅವನಿಗೆ ನೂರು ಸಲ ಹೇಳಿ ನಕ್ಕಿದ್ದಳು.

"ಅಂದ್ರ ನಿಮ್ಮಪ್ಪ... ಆ ಕರದಂಟಿನಾಂವನ?"

ಅವಳು ತಲೆಯಾಡಿಸಿದಳು. ಮುದಕಪ್ಪ ಮೊಬೈಲು ತೆಗೆದು ಹೊತ್ತು ನೋಡಿದ, ಮತ್ತೆ ಕಿಸೆಗೆ ಹಾಕಿಕೊಂಡ.

"ಕುಂದರ್ರಿ ಎಲ್ಲಾರೂ. ನಾಕಕ್ಕ ಇನ್ನೂ ಹೊತ್ತೈತಿ."

ಗಂಗಪ್ಪ ಮಾಲೆ ಹಿಡಿದು ಓಡುತ್ತಲೇ ಬಂದ. ಹೊಸ್ತಿಲಲ್ಲಿ ಏದುಸಿರು ಬಿಡುತ್ತ ನಿಂತು, ಬಾಯವ್ವನ ಮುಖ, ಮಗಳ ಮುಖ ನೋಡುವ ಮೊದಲು, ಹಳೆಯ ರೂಢಿಯಂತೆ ಕಣ್ಣೆತ್ತಿ ಗೋಡೆಯ ಗಡಿಯಾರ ನೋಡಿದ.