ಒಂಬತ್ತನೆಯ ಉಪನದಿ

ನದಿಗೆ ಎಡಗಡೆಯಿಂದ ಐದು ಉಪನದಿಗಳು, ಬಲಗಡೆಯಿಂದ ನಾಲ್ಕು. ಒಂಬತ್ತನೆಯದು ಗುಡ್ಡದ ಎರಡು ಮಡಿಕೆಗಳ ನಡುವೆ ಹುಟ್ಟಿ, ಹನ್ನೊಂದು ಮೈಲಿ ತಗ್ಗಿನಲ್ಲಿ ಇಳಿದು, ಪಟ್ಟಣದ ಅಂಚಿನಲ್ಲಿ ನದಿಯನ್ನು ಸೇರುತ್ತದೆ. ಹಾಗಂತ ನಕ್ಷೆ ಹೇಳುತ್ತದೆ, ಅದೂ ತುಂಡು ಗೆರೆಯಲ್ಲಿ. ನಮ್ಮ ಕಚೇರಿಯಲ್ಲಿ ವರ್ಷವಿಡೀ ಹರಿಯುವ ನೀರಿಗೆ ತುಂಬು ಗೆರೆ, ಬತ್ತುವ ನೀರಿಗೆ ತುಂಡು ಗೆರೆ. ಹತ್ತು ವರ್ಷಕ್ಕೊಮ್ಮೆ ಸರ್ವೆ. ಸತತ ಮೂರು ಸರ್ವೆಗಳಲ್ಲಿ ಒಣಗಿ ಕಂಡರೆ ಗೆರೆಯೇ ಇಲ್ಲ. ಬ್ಲೇಡಿನಿಂದ ಶಾಯಿ ಕೆರೆದು ತೆಗೆಯಬೇಕು. ಕೆರೆಯುವ ಕೆಲಸ ನನ್ನದು.

ಸೋಮವಾರ ಮೂರನೆಯ ಸರ್ವೆಯ ವರದಿ ಮೇಜಿಗೆ ಬಂತು. ಒಣ. ಹಳೆಯ ಎರಡು ವರದಿಗಳೂ ಒಣ. ಅವುಗಳ ಕೆಳಗೆ ನನ್ನ ಅಪ್ಪನ ಸಹಿ.

"ಕೆರೆದುಬಿಡಮ್ಮ," ಎಂದರು ಸಾಹೇಬರು. "ಶುಕ್ರವಾರ ನಕ್ಷೆ ಹಾಳೆ ಅಚ್ಚಿಗೆ ಹೋಗ್ಬೇಕು. ಆ ತಗ್ಗಲ್ಲಿ ಇನ್ನೂರು ಮನೆ ಕಟ್ತಾರಂತೆ. ಗೆರೆ ಹೋಗೋವರೆಗೂ ಅನುಮತಿ ಸಿಗಲ್ಲ ಅಂತ ನಗರಸಭೆಯವರು ದಿನಾ ನನ್ನ ತಲೆ ತಿಂತಿದ್ದಾರೆ."

ಬ್ಲೇಡು ಕೈಗೆತ್ತಿಕೊಂಡೆ. ಆಗ ಮೂರು ವರದಿಗಳ ತಾರೀಖು ಕಣ್ಣಿಗೆ ಬಿತ್ತು. ಬ್ಲೇಡು ಕೆಳಗಿಟ್ಟೆ.

ಸಂಜೆ ಮನೆಯಲ್ಲಿ ಅಪ್ಪ ಕಿಟಕಿಯ ಪಕ್ಕ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ.

"ಅಪ್ಪಾ, ಒಂಬತ್ತನೇದನ್ನ ನೀನು ನೋಡಿದ್ದು ಯಾವಾಗ?"

"ಎರಡು ಸಲ. ಎರಡು ಸಲಾನೂ ಒಣ. ಈಗಲೂ ಒಣ ತಾನೆ? ನಾನು ಹೇಳಿರ್ಲಿಲ್ವಾ?" ಅವನ ದನಿಯಲ್ಲಿ ಹಳೆಯ ಹೆಮ್ಮೆ.

"ಯಾವ ಕಾಲದಲ್ಲಿ ಅಂತ ಕೇಳ್ತಿದೀನಿ."

"ಬೇಸಿಗೇಲಿ. ಮಳೇಲಿ ಯಾವ ಹುಚ್ಚ ಸರ್ವೆಗೆ ಹೋಗ್ತಾನೆ? ಉಪಕರಣ ನೆನೆಯುತ್ತೆ, ದಾರಿ ಕೆಸರಾಗುತ್ತೆ, ಹೊಳೆ..."

ಅಲ್ಲಿಗೇ ನಿಂತ. ಉಗುರು ಕತ್ತರಿ ಎರಡು ಬೆರಳುಗಳ ನಡುವೆ ಹಾಗೇ ಉಳಿಯಿತು.

"ಈ ಸಲದ ಸರ್ವೆಯವರು ಹೋಗಿದ್ದೂ ಬೇಸಿಗೇಲೇ," ಎಂದೆ.

ಅವನು ಕತ್ತರಿಯನ್ನು ಕಿಟಕಿಯ ಅಂಚಿನ ಮೇಲಿಟ್ಟ. ಆಮೇಲೆ, ನನಗಲ್ಲ, ಕಿಟಕಿಗೆ ಹೇಳುವವನಂತೆ ಹೇಳಿದ: "ಅಲ್ಲೊಬ್ಬಳು ಮುದುಕಿ ಇದ್ಲು. ಅವಳ ಮನೆ ಗೋಡೆ ಮೇಲೆ ನನ್ನ ಎದೆಮಟ್ಟಕ್ಕೆ ಕೆಸರಿನ ಗುರುತು. ಇದೇನಜ್ಜಿ ಅಂದೆ. ಹೊಳೆ ಬಂದಿತ್ತಪ್ಪ ಅಂದ್ಲು. ಬಂದು ಹೋಗೋಕೆ ಅದೇನು ನಿಮ್ಮ ಬೀಗರಾ ಅಂತ ನಕ್ಕುಬಿಟ್ಟೆ."

"ವರದೀಲಿ ಬರೀಲಿಲ್ವಾ?"

"ಗೋಡೆ ಬಗ್ಗೆ ಬರೆಯೋಕೆ ಫಾರಂನಲ್ಲಿ ಜಾಗ ಇರ್ಲಿಲ್ಲ ಮಗಳೇ."

ಮಂಗಳವಾರ, ಬುಧವಾರ ಅವನು ಸರಿಯಾಗಿ ಊಟ ಮಾಡಲಿಲ್ಲ. ಗುರುವಾರ ಕಚೇರಿಗೆ ಬಂದ. ಎದೆಯಲ್ಲಿ ಉಬ್ಬಸ, ಮೆಟ್ಟಿಲ ಮೇಲೆ ಮೂರು ಸಲ ಕೂತು, ನನ್ನ ಕೈ ಹಿಡಿಯದೆ ಹತ್ತಿದ. ಅಳತೆಯ ಸರಪಳಿ ಹಿಡಿಯುವುದನ್ನು ಸಾಹೇಬರು ಕಲಿತದ್ದು ಅವನಿಂದಲೇ. ಅವರು ಕುರ್ಚಿಯಿಂದ ಎದ್ದು ನಿಂತರು.

"ಬನ್ನಿ ಗುರುಗಳೇ, ಹೇಳಿಕಳಿಸಿದ್ರೆ ನಾನೇ ಬರ್ತಿದ್ನಲ್ಲ."

"ನನ್ನ ಎರಡು ವರದಿ ರದ್ದು ಮಾಡು," ಎಂದ ಅಪ್ಪ, ಉಸಿರು ಸಿಕ್ಕ ಮೇಲೆ. "ನಾನು ಮಳೆಗಾಲದಲ್ಲಿ ಆ ಹೊಳೆ ನೋಡಿಲ್ಲ."

ಸಾಹೇಬರು ನನ್ನತ್ತ ನೋಡಿದರು, ಮತ್ತೆ ಅವನತ್ತ. "ಯಾರು ನೋಡಿದ್ದಾರೆ ಗುರುಗಳೇ? ನಾನೂ ನೋಡಿಲ್ಲ. ಆದ್ರೆ ನೀವು ಹಾಗಂತ ಬರೆದುಕೊಟ್ರೆ ಬರೀ ಎರಡು ವರದಿಗೆ ಮುಗಿಯಲ್ಲ. ನಿಮ್ಮ ಸಹಿ ಇರೋ ಹಾಳೆ ಎಲ್ಲಾ ತೆಗೆದು ಮತ್ತೆ ನೋಡ್ಬೇಕು, ಎಲ್ಲಾ ಬೇಸಿಗೇದೇ ತಾನೆ. ಅರವತ್ತೆರಡು ಹಾಳೆ. ಹೊಸದಾಗಿ ಸೇರೋರಿಗೆ ಇವತ್ತಿಗೂ ನಿಮ್ಮ ಹಾಳೆ ತೋರಿಸಿ, ಕೆಲಸ ಅಂದ್ರೆ ಇದು ಅಂತೀವಿ. ಈ ವಯಸ್ಸಲ್ಲಿ ಯಾಕೆ ಮೈಮೇಲೆ ಎಳ್ಕೊತೀರಿ?"

"ಇನ್ನೂರು ಮನೆ ಅಂತಲ್ಲ?"

"ಹೌದು."

"ಇನ್ನೂರು ಮನೇಲೂ ಗೋಡೆ ಇರುತ್ತೆ."

ಸಾಹೇಬರಿಗೆ ಅರ್ಥವಾಗಲಿಲ್ಲ. ಅವನೂ ಬಿಡಿಸಿ ಹೇಳಲಿಲ್ಲ. ಕಾಗದ ಕೇಳಿದ. ಬರೆದ: ಮಳೆಗಾಲದಲ್ಲಿ ನೋಡಿಲ್ಲ, ನನ್ನ ಎರಡೂ ವರದಿಗಳನ್ನು ನಂಬಬೇಡಿ. ಸಹಿ ಹಾಕಿ ಮೇಜಿನ ಆಚೆಗೆ ಸರಿಸಿದ. ಸಾಹೇಬರು ಆ ಕಾಗದವನ್ನು ಎರಡು ಸಲ ಓದಿ, ಅಚ್ಚಿನ ಮನೆಗೆ ಫೋನು ಮಾಡಿದರು. "ನಾಳೆಯ ಹಾಳೆ ನಿಲ್ಲಿಸಿ. ಇಲ್ಲ, ಯಾವಾಗ ಅಂತ ಈಗಲೇ ಹೇಳೋಕಾಗಲ್ಲ. ಮಳೆ ಬಂದ ಮೇಲೆ."

ಅಪ್ಪ ಮನೆಗೆ ಹೊರಡುತ್ತಾನೆಂದು ನಾನು ಅವನ ಚೀಲ ತೆಗೆದುಕೊಂಡೆ.

"ನನ್ನ ಉಳಿದ ಹಾಳೆ ಎಲ್ಲಿ?" ಎಂದ.

ಒಳಕೋಣೆಗೆ ಕರೆದೊಯ್ದೆ. ಅಗಲವಾದ, ತೆಳ್ಳಗಿನ ಕಬ್ಬಿಣದ ಡ್ರಾಯರುಗಳು ನೆಲದಿಂದ ಕತ್ತಿನವರೆಗೆ. ಕೆಳಗಿನದನ್ನು ಎಳೆಯಲು ಇಬ್ಬರೂ ಮಂಡಿಯೂರಿದೆವು. ಮೊದಲು ಸಿಕ್ಕಿದ್ದು ಬೇರೆಯೇ ನದಿಯ ಹಾಳೆ. ಮೂರು ಸರ್ವೆಗಳಿಗೂ ಅವನದೇ ಸಹಿ. ಒಣ ಎಂದು ಕೆರೆದ ಮೇಲೆ ಆ ನದಿಗೆ ಈಗ ಉಳಿದದ್ದು ಎರಡೇ ಉಪನದಿಗಳು. ಅಚ್ಚುಕಟ್ಟಾದ, ಯಾರಾದರೂ ಮೆಚ್ಚುವಂಥ ಕೆಲಸ.

ಅವನು ಕನ್ನಡಕ ಒರೆಸಿಕೊಂಡ. ಏನೂ ಇಲ್ಲದ ಬಿಳಿ ಜಾಗದ ಮೇಲೆ ಬೆರಳಿಟ್ಟು, ಬೆಟ್ಟದ ಕಡೆಯಿಂದ ನಿಧಾನವಾಗಿ ಕೆಳಗೆ ಎಳೆದ.

"ಇಲ್ಲೊಂದಿತ್ತು," ಎಂದ. "ಬರ್ಕೋ."