ಟೈಲರ್ ಸೀನುವ ಹೊತ್ತು

ನಮ್ಮ ದೊಡ್ಡಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ನನ್ನ ಪ್ರಕಾರ ಅವಳ ವಿದ್ಯೆಯೆಲ್ಲ ಇದ್ದದ್ದೂ ಅಲ್ಲೇ. ಅಚ್ಚುಕೂಟದ ಕ್ಯಾಂಟೀನಿನಲ್ಲಿ ಇಪ್ಪತ್ತಾರು ವರ್ಷ ದಿನವೂ ನೂರಿಪ್ಪತ್ತು ಜನಕ್ಕೆ ಬೇಳೆ ಬೇಯಿಸಿದವಳು ಒಂದು ದಿನವಾದರೂ ಇಂಗನ್ನು ಚಮಚದಲ್ಲಿ ಅಳೆದವಳಲ್ಲ. ಪುಡಿ ಇಂಗಿನ ಡಬ್ಬಿ ಕಂಡರೆ ಮೂಗು ಮುರಿಯುತ್ತಿದ್ದಳು. ಅವಳದು ಗಟ್ಟಿ ಇಂಗು. ಡಬ್ಬಿಯೊಳಗೊಂದು ಡಬ್ಬಿ, ಅದರೊಳಗೆ ಬಟ್ಟೆಯ ಗಂಟು. ಇಷ್ಟು ಬಂದೋಬಸ್ತು ಮಾಡಿದರೂ ಪಕ್ಕದಲ್ಲಿಟ್ಟ ಸಕ್ಕರೆಗೆ ಇಂಗಿನದೇ ವಾಸನೆ. ಆ ಗಂಟು ಬಿಚ್ಚಿ, ಗುಂಡುಕಲ್ಲಿನಿಂದ ಕುಟ್ಟಿ, ಒಂದು ಚೂರನ್ನು ಕಾದ ಎಣ್ಣೆಗೆ ಹಾಕುತ್ತಿದ್ದಳು. ಹಸಿ ನಾತ ಹೋಗಿ ಘಮ ಎದ್ದ ಕ್ಷಣಕ್ಕೆ ಒಲೆ ಆರಬೇಕು. ತುಸು ಮೊದಲಾದರೆ ಹಸಿ, ತುಸು ತಡವಾದರೆ ಕಹಿ.

ಕ್ಯಾಂಟೀನಿನ ಅಡುಗೆಮನೆಯ ಕಿಟಕಿಯ ಎದುರಿಗೆ, ಓಣಿಯ ಆಚೆ, ಟೈಲರ್ ಅಂಗಡಿ. ಓಣಿ ಎಷ್ಟು ಕಿರಿದೆಂದರೆ ಅವನು ದಾರ ಕಚ್ಚುವ ಸದ್ದೂ ಇಲ್ಲಿಗೆ ಕೇಳಿಸುತ್ತದೆ. ನಮ್ಮ ಇಂಗಿನ ಘಮ ಕಿಟಕಿ ದಾಟಿತೆಂದರೆ ಅವನಿಗೆ ಎರಡು ಸೀನು ಗ್ಯಾರಂಟಿ, ಅದೂ ಹೊಲಿಗೆ ಯಂತ್ರ ನಡುಗುವಂಥವು. ಅಚ್ಚುಕೂಟದ ಬೈಂಡಿಂಗ್ ವಿಭಾಗದವರಿಗೆ ಅದೇ ಊಟದ ಗಂಟೆ. ಟೈಲರ್ ಸೀನಿದ ಅಂತ ಎದ್ದು ಹೋಗಿ ಅಂಟಿನ ಕೈ ತೊಳೆಯುತ್ತಿದ್ದರು.

ಅದೇ ಕಿಟಕಿ ಅರ್ಧ ಆಸ್ಪತ್ರೆಯೂ ಆಗಿತ್ತು. ಮಗುವಿಗೆ ಹೊಟ್ಟೆ ಉಬ್ಬರಿಸಿದರೆ ಬಿಸಿನೀರಿನಲ್ಲಿ ಇಂಗು ತೇದು ಹೊಕ್ಕಳ ಸುತ್ತ ಹಚ್ಚಲು, ಬಿಕ್ಕಳಿಕೆ ನಿಲ್ಲದಿದ್ದರೆ ಮಜ್ಜಿಗೆಗೆ, ಸಕ್ಕರೆ ಡಬ್ಬಿಯ ಇರುವೆ ಓಡಿಸಲು ಎಂದು ಯಾರಾದರೊಬ್ಬರು ಬಂದು ಕೈಚಾಚುತ್ತಿದ್ದರು. ದೊಡ್ಡಮ್ಮ ಇಲ್ಲ ಎಂದವಳಲ್ಲ. ವಾಸಿಯಾದರೆ ಅದು ಇಂಗಿನ ಗುಣ, ಆಗದಿದ್ದರೆ ಹಚ್ಚಿದವರ ಕೈಗುಣ ಸರಿಯಿಲ್ಲ. ಹೀಗಾಗಿ ಅವಳ ಚಿಕಿತ್ಸೆ ಎಂದೂ ಸೋಲಲಿಲ್ಲ.

ಇಷ್ಟೆಲ್ಲ ಹೆಮ್ಮೆಯಿದ್ದವಳಿಗೆ ಒಂದೇ ಒಂದು ನಾಚಿಕೆ. ಸಂಜೆ ಮನೆಗೆ ಹೊರಡುವ ಮುಂಚೆ ನಲ್ಲಿಯ ಹತ್ತಿರ ನಿಂತು ನಿಂಬೆ ಸಿಪ್ಪೆಯಿಂದ ಕೈ ಉಜ್ಜುತ್ತಿದ್ದಳು. ಬಸ್ಸಿನಲ್ಲಿ ಪಕ್ಕದವರು ಮುಖ ತಿರುಗಿಸಿಕೊಳ್ಳುವುದು ಅವಳಿಗೆ ಸಹಿಸಲಾಗುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ದೊಡ್ಡಪ್ಪನೂ ಏನೋ ಅಂದಿದ್ದನಂತೆ.

ನಾಲ್ಕು ತಿಂಗಳ ಹಿಂದೆ ಅವಳು ಜ್ವರ ಬಂದು ಹತ್ತು ದಿನ ಮಲಗಿದಳು, ಕ್ಯಾಂಟೀನಿಗೂ ಬೀಗ ಬಿತ್ತು. ಎದ್ದು ಬಂದ ಮೇಲೆ ಹೊಸ ಕಾನೂನು ಶುರುವಾಯಿತು. ಒಗ್ಗರಣೆಯ ಹೊತ್ತಿಗೆ ನಾನು ಒಳಗಿರಬಾರದು. ಹೋಗಿ ತಟ್ಟೆ ಒರೆಸಬೇಕು. ತರಕಾರಿ ಹೆಚ್ಚಿ, ಬೇಳೆ ತೊಳೆದು, ಪಾತ್ರೆ ಇಳಿಸಿ ಒಂಬತ್ತು ವರ್ಷ ಅವಳ ಪಕ್ಕದಲ್ಲೇ ನಿಂತವಳು ನಾನು, ಅವಳ ಸ್ವಂತ ತಂಗಿಯ ಮಗಳು. ಕೈಹದ ಕದ್ದುಬಿಡುತ್ತೇನೆ ಅಂತ ಇವಳಿಗೆ ಭಯವೇ ಎಂದು ನನಗೆ ಮೈಯೆಲ್ಲ ಉರಿಯಿತು. ನಾನೂ ಮಾತು ಕಡಿಮೆ ಮಾಡಿದೆ. ಅವಳು ಉಪ್ಪು ಕೇಳಿದರೆ ಉಪ್ಪಷ್ಟೇ ಕೊಡುತ್ತಿದ್ದೆ.

ಅಷ್ಟರಲ್ಲಿ ಹೊಸ ಮ್ಯಾನೇಜರ್ ಬಂದರು. ಊಟವನ್ನು ಹೊರಗಿನಿಂದ ಡಬ್ಬಿಗಳಲ್ಲಿ ತರಿಸಿದರೆ ಕ್ಯಾಂಟೀನಿನ ಜಾಗದಲ್ಲಿ ಇನ್ನೊಂದು ಯಂತ್ರ ಇಡಬಹುದೆಂದು ಅವರ ಲೆಕ್ಕಾಚಾರ. ಆದರೂ ನ್ಯಾಯವಂತರು. ಗುರುವಾರ ಕಾರ್ಮಿಕರ ಜೊತೆಗೇ ಕೂತು ಊಟ ಮಾಡಿ ಆಮೇಲೆ ತೀರ್ಮಾನಿಸುತ್ತೇನೆ ಎಂದರು. ಆ ಅಡುಗೆಮನೆ ಹೋದರೆ ದೊಡ್ಡಮ್ಮನಿಗೆ ಉಳಿಯುವುದು ದೊಡ್ಡಪ್ಪನ ಫೋಟೊ ಇರುವ ಒಂದು ಕೋಣೆ ಮಾತ್ರ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಗುರುವಾರ ಬೆಳಿಗ್ಗೆ ಟೈಲರ್ ಕಿಟಕಿಗೆ ಬಂದ. ಒಂದು ಕೆನ್ನೆ ಬನ್ನಿನ ಹಾಗೆ ಊದಿತ್ತು.

"ಅಕ್ಕ, ಹಲ್ಲು. ರಾತ್ರಿಯೆಲ್ಲ ನಿದ್ದೆಯಿಲ್ಲ."

"ಬಾಯಿ ತೆಗಿ ನೋಡೋಣ," ಎಂದಳು ದೊಡ್ಡಮ್ಮ. ನೋಡಿ, ಧಾರಾಳವಾಗಿ ಒಂದು ಚೂರು ಇಂಗು ಮುರಿದು ಹತ್ತಿಯಲ್ಲಿ ಸುತ್ತಿ ಕೊಟ್ಟಳು. "ಇದನ್ನ ತೂತಿಗೆ ಒತ್ತಿಕೊ. ಸಂಜೆ ಡಾಕ್ಟರ್ ಹತ್ರ ಹೋಗು. ಇದನ್ನೇ ನಂಬಿಕೊಂಡು ಕೂರಬೇಡ."

ಅವನು ಅಲ್ಲೇ ಒತ್ತಿಕೊಂಡು, ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಹೊರಟ. ನಾನು ನಕ್ಕೆ. ಬಹಳ ದಿನದ ಮೇಲೆ ದೊಡ್ಡಮ್ಮನೂ ನಕ್ಕಳು.

ಬೇಳೆ ಎರಡು ಹಂಡೆಯಲ್ಲಿ ಬೆಂದಿತ್ತು. ನನ್ನನ್ನು ತಟ್ಟೆ ಒರೆಸಲು ಅಟ್ಟಿದಳು. ಮ್ಯಾನೇಜರ್ ಆಗಲೇ ಬಂದು ಮೂಲೆಯ ಮೇಜಿನ ಮುಂದೆ ಕೂತಿದ್ದರು. ನಾನು ಹತ್ತಿಪ್ಪತ್ತು ತಟ್ಟೆ ಒರೆಸಿರಬೇಕು, ಒಳಗಿನಿಂದ ಸೀದ ವಾಸನೆ ಬಂತು. ಅವಳ ಕಾನೂನು ಹಾಳಾಗಲಿ ಎಂದು ಒಳಗೆ ಓಡಿದೆ.

ಮೊದಲ ಹಂಡೆಗೆ ಒಗ್ಗರಣೆ ಸುರಿದಾಗಿತ್ತು. ಮೇಲೆ ಇಂಗಿನ ಕರಿ ಚೂರುಗಳು ತೇಲುತ್ತಿದ್ದವು. ದೊಡ್ಡಮ್ಮ ಬರಿದಾದ ಕಬ್ಬಿಣದ ಬಾಣಲೆ ಹಿಡಿದು ಕಿಟಕಿಯತ್ತಲೇ ನೋಡುತ್ತಿದ್ದಳು. ಕೋಣೆ ತುಂಬ ಹೊಗೆ. ನಾನು ಒಂದು ಸೌಟು ಬೇಳೆ ಬಾಯಿಗೆ ಹಾಕಿಕೊಂಡೆ. ವಿಷದಂಥ ಕಹಿ.

"ದೊಡ್ಡಮ್ಮ, ಇಷ್ಟು ಸೀದಿದೆ, ನಿನಗೆ ಗೊತ್ತಾಗ್ಲಿಲ್ವಾ?"

"ಅವನು ಸೀನಲೇ ಇಲ್ಲ ಕಣೆ," ಎಂದಳು. "ಕಾದೆ. ಇನ್ನೂ ಕಾದೆ. ಕೊನೆಗೆ ಅಂದಾಜಿನ ಮೇಲೆ ಸುರಿದೆ."

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಹಲ್ಲಿನಲ್ಲಿ ಇಂಗಿನ ಉಂಡೆ ತುರುಕಿಕೊಂಡವನ ಮೂಗಿಗೆ ಎದುರುಮನೆ ಇಂಗು ಯಾವ ಲೆಕ್ಕ? ಅವನ ಮೂಗನ್ನು ಇವಳೇ ಕೈಯಾರೆ ಮುಚ್ಚಿ ಕಳಿಸಿದ್ದಳು.

"ನಿನ್ನ ಮೂಗಿಗೇನಾಯ್ತು?"

"ಜ್ವರ ಬಿಟ್ಟ ದಿನದಿಂದ ಏನೂ ಬರಲ್ಲ. ಅವನ ಸೀನು ಕೇಳಿಯೇ ಒಲೆ ಆರಿಸ್ತಿದ್ದೆ. ಇಂಗೂ ಇಲ್ಲ, ಸೋಪೂ ಇಲ್ಲ. ನಿನ್ನ ದೊಡ್ಡಪ್ಪನ ಶಾಲು ಪೆಟ್ಟಿಗೆಯಿಂದ ತೆಗೆದು ಮೂಸಿ ನೋಡಿದೆ. ಅದೂ ಬರಲ್ಲ." ಬಾಣಲೆ ಕೆಳಗಿಟ್ಟಳು. "ನಿಂಗೆ ಗೊತ್ತಾದ್ರೆ ಮನೆಯಲ್ಲಿ ಕೂರು ಅಂತೀಯ ಅಂದ್ಕೊಂಡೆ."

ನಾಲ್ಕು ತಿಂಗಳು ಇವಳ ಮೇಲೆ ಮುನಿಸಿಕೊಂಡು ಓಡಾಡಿದ್ದೆನಲ್ಲ, ನನಗೆ ನಿಜವಾಗಿ ನಾಚಿಕೆಯಾಯಿತು. ಆದರೆ ನಾಚಿಕೊಂಡು ನಿಲ್ಲಲು ಪುರುಸೊತ್ತಿರಲಿಲ್ಲ. ಊಟದ ಮನೆಯಲ್ಲಿ ಬೆಂಚು ಎಳೆಯುವ ಸದ್ದು ಕೇಳುತ್ತಿತ್ತು.

"ಇನ್ನೊಂದು ಹಂಡೆ ಇದೆ. ಬಿಸಿನೀರು ಬೆರೆಸಿ ಎಲ್ಲರಿಗೂ ಸಾಲಿಸೋಣ. ಒಗ್ಗರಣೆ ನಾನು ಹಾಕ್ತೀನಿ," ಎಂದೆ.

"ನೀನು ಹಾಕಿಲ್ವಲ್ಲೇ ಒಂದು ದಿನಾನೂ."

"ಹಾಕೋಕೆ ನೀನೆಲ್ಲಿ ಬಿಟ್ಟೆ? ಈಗ ಹೇಳಿಕೊಡು."

ಬೇರೆ ಬಾಣಲೆ ಇಟ್ಟೆ. ಎಣ್ಣೆ ಕಾಯಿತು. ಅವಳೇ ಇಂಗು ಮುರಿದು ಹಾಕಿ, ನನ್ನ ಬೆನ್ನ ಹಿಂದೆ ಬಂದು ನಿಂತಳು.

"ಏನು ಬರ್ತಿದೆ, ಹೇಳ್ತಾ ಹೋಗು."

"ನಾತ. ಬೆಳ್ಳುಳ್ಳಿ ಮೂಟೆ ಕೊಳೆತ ಹಾಗೆ."

"ಅದು ಹಸಿ. ಉರಿ ಸಣ್ಣ ಮಾಡು. ಈಗ?"

"ಗಂಟಲಿಗೆ ಹತ್ತುತ್ತಿದೆ. ಖಾರ."

"ಇರಲಿ. ಕೈ ಹಾಕಬೇಡ. ಈಗ?"

"ಖಾರ ಕಮ್ಮಿಯಾಯ್ತು. ಈರುಳ್ಳಿ ಕೆಂಪಗೆ ಹುರಿದ ಹಾಗೆ ಏನೋ. ಸ್ವಲ್ಪ ಸಿಹಿ ಇದೆ, ದೊಡ್ಡಮ್ಮ."

"ಆರಿಸು. ಸುರಿ."

ಸುರಿದೆ. ಅವಳು ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. ಏನೂ ಬರಲಿಲ್ಲವೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ನಾನು ತಟ್ಟೆಗಳನ್ನು ತೆಗೆದುಕೊಂಡು ಹೋದೆ.

ಮ್ಯಾನೇಜರ್ ಉಂಡರು. ಎರಡನೇ ಸಲ ಬೇಳೆ ಹಾಕಿಸಿಕೊಂಡರು. ಕೈ ತೊಳೆದು ಬಂದು, "ಸ್ವಲ್ಪ ನೀರಾಗಿತ್ತು, ಆದ್ರೆ ಚೆನ್ನಾಗಿತ್ತು. ಹೀಗೇ ನಡೀಲಿ ಅಮ್ಮ," ಎಂದರು. ಅಲ್ಲಿಗೆ ದೊಡ್ಡಮ್ಮ ಬಾಯಿ ಮುಚ್ಚಿಕೊಂಡಿದ್ದರೆ ಗುಟ್ಟು ಗುಟ್ಟಾಗಿಯೇ ಇರುತ್ತಿತ್ತು. ಆದರೆ ಇನ್ನೊಬ್ಬರ ಕೆಲಸವನ್ನು ತನ್ನದೆಂದು ಹೇಳಿಕೊಳ್ಳುವ ಜಾಯಮಾನ ಅವಳದಲ್ಲ.

"ಸಾರ್, ಇವತ್ತಿನ ಒಗ್ಗರಣೆ ಇವಳದು. ನಂಗೆ ನಾಲ್ಕು ತಿಂಗಳಿಂದ ವಾಸನೆ ಗೊತ್ತಾಗಲ್ಲ. ಒಂದು ಹಂಡೆ ಬೇಳೆ ಕೆಡಿಸಿದೀನಿ, ಒಳಗಿದೆ, ಬೇಕಾದ್ರೆ ನೋಡಿ."

ಅವರು ನಮ್ಮಿಬ್ಬರನ್ನೂ ನೋಡಿದರು.

"ನಾಳೆ ಇಬ್ಬರೂ ಬರ್ತೀರಾ?"

"ಬರ್ತೀವಿ," ಎಂದೆ ನಾನು.

"ಹಾಗಾದ್ರೆ ಸರಿ," ಎಂದು ಹೊರಟರು.

ಸಂಜೆ ದೊಡ್ಡಮ್ಮ ಎಂದಿನಂತೆ ನಲ್ಲಿಯ ಹತ್ತಿರ ನಿಂತು ಸಿಪ್ಪೆಯಿಂದ ಉಜ್ಜತೊಡಗಿದಳು. ಹತ್ತಿರ ಹೋಗಿ ನೋಡಿದರೆ ಬೆರಳ ಸಂದಿಯೆಲ್ಲ ಕೆಂಪಾಗಿ ಚರ್ಮ ಸುಲಿದಿತ್ತು. ವಾಸನೆ ಹೋಯಿತೋ ಇಲ್ಲವೋ ತಿಳಿಯದೆ ನಾಲ್ಕು ತಿಂಗಳಿಂದ ಉಜ್ಜಿದ್ದೇ ಉಜ್ಜಿದ್ದು.

"ಇನ್ನೂ ಇದೆಯಾ, ನೋಡೇ," ಎಂದು ಎರಡೂ ಕೈ ನನ್ನ ಮುಂದೆ ಹಿಡಿದಳು.

ಇಲ್ಲ ಎಂದುಬಿಡೋಣ ಅನ್ನಿಸಿತು. ಮೂಸಿ ನೋಡಿದೆ. ನಿಂಬೆಯ ಕೆಳಗೆ ಬೆಚ್ಚಗೆ, ಗಟ್ಟಿಯಾಗಿ, ಇಂಗು ಇತ್ತು. ನಾನು ಮಗುವಾಗಿದ್ದಾಗ ಹೊಟ್ಟೆನೋವಿಗೆ ನನ್ನ ಹೊಕ್ಕಳಿಗೆ ಹಚ್ಚಿದ ಕೈ ಅದು.

"ಇದೆ ದೊಡ್ಡಮ್ಮ. ಹಾಗೇ ಇದೆ."

ಅವಳು ಸಿಪ್ಪೆಯನ್ನು ಬಕೆಟ್ಟಿಗೆ ಹಾಕಿ, ನಲ್ಲಿ ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡಳು.

ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಅವಳು ಕೈ ಎತ್ತಿ ಮೇಲಿನ ಕಂಬಿ ಹಿಡಿದಳು. ಪಕ್ಕದಲ್ಲಿ ನಿಂತಿದ್ದವನೊಬ್ಬ ಆಚೀಚೆ ನೋಡಿ ಮೂಗು ಉಜ್ಜಿಕೊಂಡು ಮುಖ ಆ ಕಡೆ ತಿರುಗಿಸಿದ. ದೊಡ್ಡಮ್ಮ ಅವನನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದಳು:

"ಅವನಿಗೆ ಬಂತು, ಅಲ್ವಾ?"

"ಬಂತು," ಎಂದೆ.

ಮನೆಯ ಸ್ಟಾಪ್ ಬರುವವರೆಗೂ ಅವಳು ಕಂಬಿಯಿಂದ ಕೈ ಇಳಿಸಲಿಲ್ಲ.