ಅತ್ತೆ, ಬಸ್ಸು, ಕ್ಯಾಲ್ಸಿಯಂ

ಸೊಸೆಗೆ ಎಲ್ಲಿ ಕೆಲಸ ಎಂದು ಯಾರಾದರೂ ಕೇಳಿದರೆ ಅತ್ತೆ "ನೀರಿನ ಇಲಾಖೆಯಲ್ಲಿ" ಎಂದು ಮಾತು ಮುಗಿಸುತ್ತಿದ್ದರು. ಮೂತ್ರಕೋಶದ ಸ್ನಾಯು ಹೇಗೆ ಬಿಗಿಯುತ್ತದೆ ಎಂದು ಹಗಲಿಡೀ ನೋಡುತ್ತ ಕೂರುವ ಕೆಲಸವನ್ನು ನಾಲ್ಕು ಜನರ ಮುಂದೆ ಹೇಳಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಮನೆಯೊಳಗೆ ಮಾತ್ರ ಸೊಸೆಗೆ "ಉಚ್ಚೆ ಪಂಡಿತೆ" ಎಂಬ ಬಿರುದು ಸಂದಿತ್ತು. ಮನೆಯಲ್ಲಿ ಈಗ ಅವರಿಬ್ಬರೇ. ಬಿರುದನ್ನು ವಿರೋಧಿಸಲು ಮೂರನೆಯವರಿರಲಿಲ್ಲ.

ವಿಚಿತ್ರವೆಂದರೆ ಪಂಡಿತೆಯ ವಿದ್ಯೆ ಬೇಕಾದದ್ದು ಬಿರುದು ಕೊಟ್ಟವರಿಗೇ. ಕೆಲವು ಕಾಲದಿಂದ ಅತ್ತೆಗೆ ಮೂತ್ರದ ಒತ್ತಡ ಬಂತೆಂದರೆ ತಡೆಯಲಾಗುತ್ತಿರಲಿಲ್ಲ. ಮಾರುಕಟ್ಟೆ ಬಿಟ್ಟರು, ಗೆಳತಿಯರ ಮನೆ ಬಿಟ್ಟರು. ಅಷ್ಟರಲ್ಲಿ ದೂರದ ಊರಿನಲ್ಲಿ ಮಗಳು ಹೆತ್ತಳು. ಮೊಮ್ಮಗಳನ್ನು ನೋಡಬೇಕಾದರೆ ಅರ್ಧ ದಿನ ಬಸ್ಸಿನಲ್ಲಿ ಕೂರಬೇಕು. ಅತ್ತೆ ಒಮ್ಮೆ ಸೊಂಟನೋವು ಎಂದರು, ಇನ್ನೊಮ್ಮೆ ಸೆಕೆ ಎಂದರು. ಮಗಳು ಮುನಿಸಿಕೊಂಡು ಫೋನು ಇಟ್ಟಳು. ಡಾಕ್ಟರು ಬರೆದುಕೊಟ್ಟ ಮಾತ್ರೆ ಸಕ್ಕರೆ ಡಬ್ಬಿಯ ಹಿಂದೆ ತೆರೆಯದೆ ಕೂತಿತ್ತು.

"ಮಾತ್ರೆ ಯಾಕೆ ತಗೊಳ್ತಿಲ್ಲ ಅತ್ತೆ?"

"ಮನಸ್ಸು ಗಟ್ಟಿ ಮಾಡ್ಕೊಳ್ಳೋಕೂ ಮಾತ್ರೆನಾ? ಅಂಗೈ ಅಗಲದ ಮಕ್ಕಳು ತಡ್ಕೊಳ್ಳೋದು ಕಲೀತವೆ. ನನ್ನ ಕೈಲಿ ಆಗಲ್ಲ ಅಂದ್ರೆ ಅದು ನನ್ನದೇ ತಪ್ಪು."

ಅಣಕವಿಲ್ಲದೆ ಅತ್ತೆ ಆಡುವ ಮಾತು ಕಡಿಮೆ. ಸೊಸೆ ವಾದಕ್ಕೆ ಇಳಿಯಲಿಲ್ಲ. "ನಾಳೆ ನಮ್ಮ ಲ್ಯಾಬಿಗೆ ಬನ್ನಿ" ಎಂದಳು.

ಬಂದವರು ಬಾಗಿಲಲ್ಲೇ ಶೌಚಾಲಯ ಎಲ್ಲಿದೆ ಎಂದು ಕೇಳಿದರು. ಸೊಸೆ ಬೆರೆಸುತ್ತಿದ್ದ ಉಪ್ಪುನೀರನ್ನು ಅರ್ಧಕ್ಕೆ ಬಿಟ್ಟು ದಾರಿ ತೋರಿಸಿದಳು. ವಾಪಸು ಬಂದು ಬೇಗಬೇಗ ಉಳಿದ ಪುಡಿ ಹಾಕಿ, ಗ್ಯಾಸಿನ ನಳಿಕೆ ಇಳಿಬಿಟ್ಟು, ನೀರನ್ನು ಗಾಜಿನ ಕೊಳವೆಗೆ ತುಂಬಿದಳು. ಕೊಳವೆಯೊಳಗೆ ಎರಡು ಕೊಕ್ಕೆಗಳ ನಡುವೆ ಹಂದಿಯ ಮೂತ್ರಕೋಶದಿಂದ ಕತ್ತರಿಸಿದ ತೆಳು ಪಟ್ಟಿ ತೂಗುತ್ತಿತ್ತು. ಅದು ಬಿಗಿದರೆ ಪಕ್ಕದ ಪರದೆಯ ಮೇಲಿನ ಗೆರೆ ಮೇಲೇರಬೇಕು.

"ಸ್ನಾಯುವಿನ ಕಣಕಣದ ಗೋಡೆಯಲ್ಲೂ ಸಣ್ಣ ಬಾಗಿಲುಗಳಿವೆ ಅತ್ತೆ. ಕ್ಯಾಲ್ಸಿಯಂ ಚಾನೆಲ್ ಅಂತಾರೆ. ನರ ಬಂದು ತಟ್ಟಿದ್ರೆ ಬಾಗಿಲು ತೆರೆಯುತ್ತೆ, ನೀರಲ್ಲಿರೋ ಕ್ಯಾಲ್ಸಿಯಂ ಒಳಗೆ ನುಗ್ಗುತ್ತೆ, ಸ್ನಾಯು ಬಿಗಿಯುತ್ತೆ. ಇಲ್ಲಿ ನರ ಇಲ್ಲ. ತಟ್ಟೋ ಕೆಲಸ ಈ ಔಷಧಿದು. ನೋಡ್ತಿರಿ."

ಹನಿ ಬಿತ್ತು. ಗೆರೆ ಅಲುಗಲಿಲ್ಲ. ಇನ್ನೊಂದು ಹನಿ. ಗೆರೆ ಮಲಗಿಯೇ ಇತ್ತು.

"ಭೇಷ್" ಎಂದರು ಅತ್ತೆ. "ಸತ್ತ ಮೇಲೂ ತಡ್ಕೊಂಡು ನಿಂತಿದೆ ನೋಡು. ನನಗಿಂತ ಹಂದಿಗೇ ಮರ್ಯಾದೆ ಜಾಸ್ತಿ."

ಹೇಳಿ ನಕ್ಕರು. ಆದರೆ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡ ರೀತಿ ಸೊಸೆಯ ಕಣ್ಣಿಗೆ ಬಿತ್ತು. ಸಮಾಧಾನ ಹೇಳಲು ಕರೆದು ತಂದವಳು ತಾನೇ ತಪ್ಪನ್ನು ಅವರ ತಲೆಗೆ ಗಟ್ಟಿಯಾಗಿ ಕಟ್ಟಿದಂತಾಗಿತ್ತು.

ಕೊಕ್ಕೆ ನೋಡಿದಳು. ತಂತಿ ನೋಡಿದಳು. ಕೊನೆಗೆ ನೀರು ಬೆರೆಸಿದ ಗಾಜಿನ ಪಾತ್ರೆಯನ್ನು ಬೆಳಕಿಗೆ ಹಿಡಿದಳು. ತಳದಲ್ಲಿ ಸುಣ್ಣದಂಥ ಬಿಳಿ ಗಸಿ.

ಮೊದಲು ಗ್ಯಾಸ್ ಹಾಯಿಸಬೇಕು, ಆಮೇಲೆ ಕ್ಯಾಲ್ಸಿಯಂ ಹಾಕಬೇಕು. ತಿರುವುಮುರುವಾದರೆ ಕ್ಯಾಲ್ಸಿಯಂ ಉಳಿದ ಉಪ್ಪುಗಳ ಜೊತೆ ಸೇರಿ ಗಟ್ಟಿಯಾಗಿ ತಳಕ್ಕಿಳಿಯುತ್ತದೆ. ಹೊಸಬರಿಗೆಂದು ಇದನ್ನು ಕೆಂಪು ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದವಳು ಅವಳೇ. ಅವಳಿಗೆ ನಗು ಬಂತು. ಬಹಳ ದಿನಗಳ ಮೇಲೆ ಬಂದದ್ದರಿಂದ ಅದು ಕೆಮ್ಮಿನ ಹಾಗೆ ಕೇಳಿಸಿತು.

"ನೀರು ಕುಡಿ" ಎಂದರು ಅತ್ತೆ ಗಾಬರಿಯಾಗಿ. "ಆ ಪಾತ್ರೇದಲ್ಲ."

ಹೊಸ ನೀರು ಸಿದ್ಧವಾಗಿ, ಪಟ್ಟಿಯನ್ನು ತೊಳೆದು ಸುಧಾರಿಸಿಕೊಳ್ಳಲು ಬಿಡುವಷ್ಟರಲ್ಲಿ ಅತ್ತೆ ಇನ್ನೊಮ್ಮೆ ಹೋಗಿ ಬಂದರು. ಸೊಸೆ ಹನಿ ಹಾಕಿದಳು. ಗೆರೆ ದಡಬಡನೆ ಗುಡ್ಡ ಹತ್ತಿತು.

"ಅಯ್ಯೋ, ಇದೇ! ಇದೇ ಕಣೇ ನಂದು!" ಅತ್ತೆ ಕುರ್ಚಿಯಿಂದ ಅರ್ಧ ಎದ್ದರು. "ಹೀಗೇ ಬರೋದು, ಹೇಳದೆ ಕೇಳದೆ."

ಸೊಸೆ ಇನ್ನೊಂದು ಔಷಧಿ ಬಿಟ್ಟಳು. ಗೆರೆ ನಿಧಾನವಾಗಿ ಇಳಿದು ಮಲಗಿತು. "ಇದು ಬಾಗಿಲು ಮುಚ್ಚೋದು."

"ಹಾಗಾದ್ರೆ ಇದನ್ನೇ ಕೊಟ್ಬಿಡು ನಂಗೆ."

"ರಕ್ತನಾಳಗಳಿಗೂ ಇಂಥದೇ ಬಾಗಿಲುಗಳಿವೆ ಅತ್ತೆ. ಎಲ್ಲ ಮುಚ್ಚಿದ್ರೆ ತಲೆ ತಿರುಗಿ ಬೀಳ್ತೀರ. ನಿಮ್ಮ ಡಾಕ್ಟರ ಮಾತ್ರೆ ಬಾಗಿಲಿನ ತಂಟೆಗೆ ಹೋಗಲ್ಲ, ತಟ್ಟೋರನ್ನ ತಡೆಯುತ್ತೆ."

ಅತ್ತೆ ಪಟ್ಟಿಯನ್ನೇ ನೋಡುತ್ತಿದ್ದರು.

"ಇದಕ್ಕೆ ತಲೆ ಇಲ್ಲ, ಅಲ್ವಾ?"

"ಇಲ್ಲ."

"ಮನಸ್ಸು?"

"ಬೆರಳಿನಷ್ಟು ಮಾಂಸ, ಅತ್ತೆ."

"ಮತ್ತೆ ಆಗ ಸುಮ್ಮನಿತ್ತಲ್ಲ?"

"ಕ್ಯಾಲ್ಸಿಯಂ ಸಿಗಲಿಲ್ಲ, ಸುಮ್ಮನಿತ್ತು. ಸಿಕ್ಕಿತು, ಬಿಗೀತು. ಮರ್ಯಾದೆ ಗಿರ್ಯಾದೆ ಏನೂ ಅಲ್ಲ."

ಅತ್ತೆ ಮನೆಗೆ ಬಂದವರೇ ಸಕ್ಕರೆ ಡಬ್ಬಿ ಸರಿಸಿದರು.

ಮಾತ್ರೆ ಹಿಡಿಯಲು ಕೆಲವು ವಾರ ಬೇಕಾಯಿತು. ಹಿಡಿದದ್ದೂ ಪೂರ್ತಿಯಲ್ಲ, ಮುಕ್ಕಾಲು. ಉಳಿದ ಕಾಲುಭಾಗಕ್ಕೆ ಅತ್ತೆ ಬೇರೆ ವ್ಯವಸ್ಥೆ ಮಾಡಿದರು. ಸೊಸೆಯ ಜೊತೆ ಮಗಳ ಊರಿನ ಬಸ್ಸು ಹತ್ತಿದವರೇ ಎಲ್ಲರಿಗೂ ಕೇಳುವಂತೆ ಕಂಡಕ್ಟರನಿಗೆ ಹೇಳಿದರು: "ನೋಡಪ್ಪಾ, ನಾನು ಹೇಳಿದ ಕಡೆ ನಿಲ್ಲಿಸ್ಬೇಕು. ನನ್ನ ಮೂತ್ರಕೋಶಕ್ಕೆ ಕ್ಯಾಲ್ಸಿಯಂ ಜೋರಾಗಿ ನುಗ್ಗುತ್ತೆ. ಮನಸ್ಸಿಗೂ ಅದಕ್ಕೂ ಸಂಬಂಧ ಇಲ್ಲ. ಅನುಮಾನ ಇದ್ರೆ ಇವಳನ್ನ ಕೇಳು, ಅದೇ ಇವಳ ಕೆಲಸ."

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೀರಿನ ಇಲಾಖೆಯವಳು ಕಿಟಕಿಯ ಕಡೆ ಮುಖ ತಿರುಗಿಸಿ ಕೆಮ್ಮಿದಳು.